ಗರ್ಭಚೀಲ ಹೋಯಿತು, ಭಯ ಉಳಿಯಿತು

2017ರ ಫೆಬ್ರುವರಿಯಲ್ಲಿ ಕಲಬುರಗಿಯ ಬೀದಿಗಿಳಿದ ಲಂಬಾಣಿ ಮತ್ತು ದಲಿತ ಹೆಂಗಸರು ಹೊಸ ಆಸ್ಪತ್ರೆ ಕೊಡಿ ಎಂದು ಕೇಳಲಿಲ್ಲ. ತಮ್ಮ ಗರ್ಭಕೋಶ ತೆಗೆದ ಖಾಸಗಿ ಆಸ್ಪತ್ರೆಗಳ ಮೇಲೆ ಇನ್ನೂ ಏಕೆ ಕ್ರಮವಾಗಿಲ್ಲ ಎಂದು ಕೇಳಿದರು. ಹಗರಣ ಹೊರಬಿದ್ದದ್ದು 2015ರಲ್ಲಿ. ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು, ಮುಟ್ಟಿನ ಏರುಪೇರು ಎಂದು ಪೇಟೆಯ ದವಾಖಾನೆಯ ಮೆಟ್ಟಿಲು ಹತ್ತಿದವರಿಗೆ ಒಂದು ಸ್ಕ್ಯಾನಿಂಗ್ ಮಾಡಿಸಿ, ‘ಚೀಲ ಕೆಟ್ಟದ, ತಗಸ್ರಿ, ಇಲ್ಲಂದ್ರ ಕ್ಯಾನ್ಸರ್ ಆಗ್ತದ’ ಎಂಬ ಧಾಟಿಯಲ್ಲಿ ಹೆದರಿಸಿ ಶಸ್ತ್ರಚಿಕಿತ್ಸೆಯ ಮೇಜಿಗೆ ಕಳಿಸಲಾಗಿತ್ತು. ಕರ್ನಾಟಕ ಜನಾರೋಗ್ಯ ಚಳವಳಿಯವರು ತಾಂಡಾಗಳಲ್ಲಿ ಕೂತು ಹೆಂಗಸರ ಮಾತು ಕೇಳಿಸಿಕೊಂಡರು, ಆರೋಗ್ಯ ಇಲಾಖೆ ವಿಚಾರಣೆ ನಡೆಸಿತು. ಲೆಕ್ಕಕ್ಕೆ ಸಿಕ್ಕ ಶಸ್ತ್ರಚಿಕಿತ್ಸೆಗಳೇ 2,200ಕ್ಕೂ ಹೆಚ್ಚು. ಆ ಹೆಂಗಸರಲ್ಲಿ ಬಹಳ ಮಂದಿಗೆ ಇನ್ನೂ ನಲವತ್ತು ದಾಟಿರಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತಾಂಡಾಗಳಲ್ಲಿ ಕ್ಯಾನ್ಸರ್ ತಪಾಸಣೆಯ ವಿಚಾರ ಎತ್ತುವವರು ಈ ಕಥೆಯನ್ನು ಬದಿಗಿಟ್ಟು ಮಾತಾಡಲಾರರು. ಜಗತ್ತಿನ ಬೇರೆಡೆ ಮೂಲನಿವಾಸಿಗಳ ನಡುವೆ ಕ್ಯಾನ್ಸರ್ ಕೆಲಸ ಮಾಡುವವರಿಗೆ ಎದುರಾಗುವ ಒಂದು ದೊಡ್ಡ ಅಡ್ಡಿ, ಆ ಕಾಯಿಲೆಯ ಬಗ್ಗೆ ಅರಿವಿಲ್ಲದಿರುವುದು. ಇಲ್ಲಿ ತೊಡಕು ಬೇರೆ. ಕ್ಯಾನ್ಸರ್ ಎಂಬ ಹೆಸರು ಇಲ್ಲಿ ತಾಂಡಾದ ಪ್ರತಿ ಬಾಗಿಲಿಗೂ ತಲುಪಿದೆ. ತಲುಪಿಸಿದವರು ಆರೋಗ್ಯ ಕಾರ್ಯಕರ್ತೆಯರಿಗಿಂತ ಮೊದಲು ಬಂದ ಬೇರೆಯವರು. ಆ ಹೆಸರು ಕೇಳಿ ಒಮ್ಮೆ ಸಾಲ ಮಾಡಿದ, ಕಾಲುಬಳೆ ಒತ್ತೆಯಿಟ್ಟ ಮನೆಗೆ ಈಗ ‘ಕ್ಯಾನ್ಸರ್ ಪರೀಕ್ಷೆ ಉಚಿತ, ಬನ್ನಿ’ ಎಂದು ಕರೆದರೆ ಏನನ್ನಿಸಬೇಕು?

ಸರ್ಕಾರದ ಪಟ್ಟಿಯ ಪ್ರಕಾರ ಇಲ್ಲಿನ ಆದಿವಾಸಿಗಳು ಯಾರು ಎಂಬುದೂ ಸುಲಭದ ಪ್ರಶ್ನೆಯಲ್ಲ. ಗೊಂಡರು, ಹರಣಶಿಕಾರಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಭೀಮಾ ದಂಡೆಯ ಕೋಲಿ-ಕಬ್ಬಲಿಗರು ಆ ಪಟ್ಟಿ ಸೇರಲು ವರ್ಷಗಳಿಂದ ಹೋರಾಡುತ್ತಿದ್ದಾರೆ. ಲಂಬಾಣಿಗರದು ಇನ್ನೂ ವಿಚಿತ್ರ. ಅದೇ ಭಾಷೆ, ಅದೇ ಸಂತ ಸೇವಾಲಾಲರ ಭಕ್ತಿ, ಅದೇ ಬಳಗದ ಬೀಗತನ. ಆದರೆ ಆಳಂದದ ತಾಂಡಾದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿ ಉಮರ್ಗಾ ಕಡೆ ಹೋದರೆ ವಿಮುಕ್ತ ಜಾತಿ, ಚಿಂಚೋಳಿಯಾಚೆ ತೆಲಂಗಾಣಕ್ಕೆ ಕಾಲಿಟ್ಟರೆ ಪರಿಶಿಷ್ಟ ಪಂಗಡ. ಆದಿವಾಸಿ ಆರೋಗ್ಯಕ್ಕೆಂದು ದೆಹಲಿಯಲ್ಲಿ ತೆಗೆದಿಟ್ಟ ಹಣದ ಹಾದಿಯಲ್ಲಿ ಕಲಬುರಗಿಯ ತಾಂಡಾ ಬರುವುದೇ ಇಲ್ಲ. ಡಾ. ಅಭಯ್ ಬಂಗ್ ನೇತೃತ್ವದ ತಜ್ಞರ ಸಮಿತಿ 2018ರಲ್ಲಿ ದೇಶದ ಆದಿವಾಸಿಗಳ ಆರೋಗ್ಯದ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಅಲ್ಲಿ ಹೇಳಿದ ಬಹುತೇಕ ಮಾತು ತಾಂಡಾಕ್ಕೂ ಸಲ್ಲುತ್ತದೆ. ಅನ್ವಯಿಸಬೇಕು ಎಂದು ಮಾತ್ರ ಯಾರಿಗೂ ಅನ್ನಿಸಿಲ್ಲ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಅಲ್ಲಿಯವರೆಗೆ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಜಿಲ್ಲೆಗಳ ಎಷ್ಟೋ ತಾಂಡಾಗಳಿಗೆ ಕಂದಾಯ ಗ್ರಾಮದ ಹೆಸರೂ ಇರಲಿಲ್ಲ. ದಾಖಲೆಯಲ್ಲೇ ಇಲ್ಲದ ಊರಿಗೆ ದವಾಖಾನೆ ಎಲ್ಲಿಂದ ಬರಬೇಕು?

ತೆಗೆದದ್ದು ಏನನ್ನು?

ಹಗರಣದ ವೈದ್ಯಕೀಯ ಭಾಗವನ್ನು ಕೊಂಚ ಬಿಡಿಸಿ ನೋಡಬೇಕು. ಅದರಲ್ಲೊಂದು ಕ್ರೂರ ವಿಪರ್ಯಾಸವಿದೆ.

ನಮ್ಮ ಹಳ್ಳಿ ಹೆಂಗಸರನ್ನು ಹೆಚ್ಚು ಬಲಿ ತೆಗೆದುಕೊಳ್ಳುವ ಕ್ಯಾನ್ಸರ್‌ಗಳಲ್ಲಿ ಒಂದು ಗರ್ಭಕೊರಳಿನದು. ಎಚ್‌ಪಿವಿ ಎಂಬ ವೈರಸ್ಸಿನ ಕೆಲವು ತಳಿಗಳು ವರ್ಷಗಟ್ಟಲೆ ಗರ್ಭಕೊರಳಿನಲ್ಲಿ ಉಳಿದುಕೊಂಡಾಗ ಅಲ್ಲಿನ ಜೀವಕೋಶಗಳು ನಿಧಾನವಾಗಿ ಕೆಡುತ್ತವೆ. ಸೋಂಕಿನಿಂದ ಕ್ಯಾನ್ಸರ್‌ವರೆಗಿನ ಹಾದಿ ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ವರ್ಷದ್ದು. ಕ್ಯಾನ್ಸರ್ ಆಗುವ ಮೊದಲು ಆ ಹಾದಿಯಲ್ಲಿ ಹಿಡಿದರೆ ಸಾಮಾನ್ಯವಾಗಿ ಹತ್ತು-ಹದಿನೈದು ನಿಮಿಷದ ಸಣ್ಣ ಚಿಕಿತ್ಸೆಯಲ್ಲಿ ಕೆಟ್ಟ ಭಾಗವನ್ನು ಸುಟ್ಟೋ ಹೆಪ್ಪುಗಟ್ಟಿಸಿಯೋ ತೆಗೆಯಬಹುದು. ಗರ್ಭಕೋಶ ಹಾಗೇ ಉಳಿಯುತ್ತದೆ. ಹೆಂಗಸು ಅದೇ ದಿನ ನಡೆದುಕೊಂಡು ಮನೆಗೆ ಹೋಗುತ್ತಾಳೆ.

ಬಿಳಿಸೆರಗು ಎಂದು ಬಂದವಳಿಗೆ ಬಹುಪಾಲು ಇರುವುದು ಔಷಧಿಗೆ ಬಗ್ಗುವ ಸೋಂಕು. ಅಲ್ಲಿ ಚೀಲ ತೆಗೆದರೆ ಅದು ಅನಗತ್ಯ. ಇನ್ನು ನಿಜಕ್ಕೂ ಕ್ಯಾನ್ಸರ್ ಇದ್ದವಳ ಗತಿ? ಬಯಾಪ್ಸಿ ಮಾಡಿ ಯಾವ ಹಂತ ಎಂದು ನೋಡದೆ ಸಾದಾ ರೀತಿಯಲ್ಲಿ ಗರ್ಭಕೋಶವನ್ನಷ್ಟೇ ಕತ್ತರಿಸಿದರೆ ಅವಳಿಗೆ ಆಗುವುದು ಇನ್ನೂ ದೊಡ್ಡ ಅನ್ಯಾಯ. ಗರ್ಭಕೊರಳಿನ ಕ್ಯಾನ್ಸರ್‌ಗೆ ಬೇಕಾದ ಶಸ್ತ್ರಚಿಕಿತ್ಸೆಯೇ ಬೇರೆ. ಸುತ್ತಲಿನ ಅಂಗಾಂಶ, ಗ್ರಂಥಿಗಳನ್ನೂ ತೆಗೆಯುವಂಥದ್ದು ಅದು. ಹಂತ ಮೀರಿದ್ದರೆ ಚಾಕುವನ್ನೇ ಮುಟ್ಟದೆ ವಿಕಿರಣ ಕೊಡಬೇಕು. ಅರ್ಧಂಬರ್ಧ ಕತ್ತರಿಸಿದ ಮೇಲೆ ಮುಂದಿನ ಚಿಕಿತ್ಸೆ ಜಟಿಲವಾಗುತ್ತದೆ, ಬದುಕುವ ಅವಕಾಶ ಕುಗ್ಗುತ್ತದೆ. ‘ಕ್ಯಾನ್ಸರ್ ಆಗಬಾರದು ಅಂತ ಚೀಲ ತೆಗೆದೆ’ ಎಂಬ ವೈದ್ಯನ ಮಾತು, ಹೀಗಾಗಿ, ಎರಡು ದಾರಿಯಲ್ಲೂ ಸುಳ್ಳು. ಕ್ಯಾನ್ಸರ್ ಇಲ್ಲದವಳಿಗೂ ಸುಳ್ಳು, ಇದ್ದವಳಿಗೂ ಸುಳ್ಳು.

ಕೆಲವರಿಗೆ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದಿರುತ್ತಾರೆ. ಮೂವತ್ತರ ಹೆಂಗಸಿಗೆ ರಾತ್ರೋರಾತ್ರಿ ಮುಟ್ಟು ನಿಲ್ಲುತ್ತದೆ. ಮೈ ಬೆಂಕಿಯಾಗುವುದು, ನಿದ್ದೆಗೇಡು, ಮೂಳೆ ಸವೆತ, ಮುಂದೆ ಹೃದಯದ ತೊಂದರೆ. ಇನ್ನು ಕೆಲವರಿಗೆ ಗರ್ಭಕೊರಳನ್ನು ಬಿಟ್ಟು ಮೇಲಿನ ಭಾಗವನ್ನಷ್ಟೇ ತೆಗೆದಿರುತ್ತಾರೆ. ಅವಳಿಗೆ ಗರ್ಭಕೊರಳಿನ ಕ್ಯಾನ್ಸರ್ ಆಗುವ ಸಾಧ್ಯತೆ ಹಾಗೆಯೇ ಉಳಿದಿದೆ, ಆದರೆ ಚೀಲವೇ ಇಲ್ಲವಲ್ಲ ಎಂಬ ನಂಬಿಕೆಯಲ್ಲಿ ಅವಳು ಯಾವ ತಪಾಸಣೆಗೂ ಬರುವುದಿಲ್ಲ. ತನಗೆ ಏನನ್ನು ತೆಗೆದರು, ಏನನ್ನು ಬಿಟ್ಟರು ಎಂಬುದು ಎಷ್ಟು ಜನರಿಗೆ ಗೊತ್ತು? ಕ್ಯಾರಿಬ್ಯಾಗಿನಲ್ಲಿ ಮಡಿಸಿಟ್ಟ ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಆ ಕಾಗದವೂ ಎಷ್ಟೋ ಜನರ ಕೈಯಲ್ಲಿಲ್ಲ.

ಕಲಬುರಗಿಯದು ಒಂಟಿ ಪ್ರಕರಣವೂ ಅಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಸಮೀಕ್ಷೆಯನ್ನು ಸರ್ಕಾರದ ಸಮಿತಿಯೊಂದು 2019ರಲ್ಲಿ ಮಾಡಿಸಿತು. 82,309 ಹೆಂಗಸರಲ್ಲಿ 13,861 ಮಂದಿಯ ಗರ್ಭಕೋಶ ತೆಗೆದಾಗಿತ್ತು. ಕಬ್ಬಿನ ಲೆಕ್ಕದಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೊಯ್ತಾ’. ಒಬ್ಬರು ಒಂದು ದಿನ ತಪ್ಪಿಸಿದರೂ ಕೂಲಿಗೆ ಕರೆದೊಯ್ಯುವ ಗುತ್ತಿಗೆದಾರ ಮುಕಾದಮ ಮುಂಗಡದಲ್ಲಿ ದಂಡ ಹಿಡಿಯುತ್ತಾನೆ. ಮುಟ್ಟೇ ದಂಡಕ್ಕೆ ಕಾರಣವಾಗುವ ಕಡೆ ಚೀಲ ತೆಗೆಸಿಬಿಡು ಎಂಬ ಸಲಹೆ ಬೇಗ ಕಿವಿಗೆ ಹತ್ತುತ್ತದೆ. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥದೇ ಪ್ರಕರಣಗಳ ಮೇಲಿನ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದಿತು. ನಮ್ಮಲ್ಲಿ 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ವೈದ್ಯರ ಮುಷ್ಕರಕ್ಕೆ ರಾಜ್ಯವೇ ಸ್ತಬ್ಧವಾದದ್ದು, ಮಸೂದೆಯ ಹಲ್ಲು ಸಾಕಷ್ಟು ಉದುರಿದ ಮೇಲೆ ಅಂಗೀಕಾರವಾದದ್ದು ಓದುಗರಿಗೆ ನೆನಪಿರಬಹುದು. ಅದೇ ವರ್ಷದ ಆರಂಭದಲ್ಲೇ ಕಲಬುರಗಿಯ ಹೆಂಗಸರು ಬೀದಿಯಲ್ಲಿದ್ದರು. ಮುಷ್ಕರದ ದಿನಗಳ ಟಿ.ವಿ. ಚರ್ಚೆಗಳಲ್ಲಿ ಅವರ ಪ್ರಸ್ತಾಪ ಎಷ್ಟು ಬಂತು ಎಂದು ಹುಡುಕಲು ಹೋಗದಿರುವುದೇ ಲೇಸು.

ಗಡಿಯಾಚೆಯ ಪಾಠ

ಸೀಗಿ ಹುಣ್ಣಿಮೆಗೆ ಕಲಬುರಗಿ, ಆಳಂದದ ಕಡೆಯವರು ಅಂಬಾಭವಾನಿಯ ದರ್ಶನಕ್ಕೆಂದು ತುಳಜಾಪುರಕ್ಕೆ ನಡೆದುಕೊಂಡು ಹೋಗುವ ದಾರಿ ಇದೆಯಲ್ಲ, ಆ ದಾರಿ ಮುಟ್ಟುವುದು ಧಾರಾಶಿವ ಜಿಲ್ಲೆಯನ್ನು. ಮೊನ್ನೆಮೊನ್ನೆಯವರೆಗೆ ಅದರ ಹೆಸರು ಉಸ್ಮಾನಾಬಾದ್. ಜಗತ್ತಿನ ಕ್ಯಾನ್ಸರ್ ತಜ್ಞರಿಗೆಲ್ಲ ಈ ಹೆಸರು ಗೊತ್ತು. ಪಕ್ಕದ ಜಿಲ್ಲೆಯ ನಮಗೆ ಗೊತ್ತಿಲ್ಲ.

ಕಥೆ ಶುರುವಾಗುವುದು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಅಲ್ಲಿನ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ಜೊತೆಗೂಡಿ, 1987ರಲ್ಲಿ ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಗಳಿಗಾಗಿ ಕ್ಯಾನ್ಸರ್ ನೋಂದಣಿ ಆರಂಭಿಸಿತು. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅದು. ನಗರದ ನೋಂದಣಿಗಳು ಆಸ್ಪತ್ರೆಯ ಕಡತಗಳಿಂದ ಲೆಕ್ಕ ತೆಗೆಯುತ್ತವೆ. ಹಳ್ಳಿಯ ರೋಗಿ ಆಸ್ಪತ್ರೆಗೇ ಬಾರದೆ ಸಾಯುವುದರಿಂದ ಬಾರ್ಶಿಯವರು ಆ ಪದ್ಧತಿ ಬಿಟ್ಟು ಊರೂರಿಗೆ ಜನ ಕಳಿಸಿದರು. ಆ ಕಾರ್ಯಕರ್ತರು ವರ್ಷವರ್ಷವೂ ಅದೇ ಹಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ರಕ್ತಸ್ರಾವ, ಮಾಯದ ಹುಣ್ಣು, ಎದೆಯ ಗಂಟು ಇವುಗಳ ಬಗ್ಗೆ ಮಾತಾಡಿ, ಸಂಶಯ ಬಂದವರನ್ನು ಆಸ್ಪತ್ರೆಗೆ ಕರೆತಂದರು. ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನು ಮೊದಲ ಹಂತಗಳಲ್ಲೇ ತೋರಿಸಿಕೊಳ್ಳುವವರ ಪ್ರಮಾಣ ಏರಿತು. ಈ ಫಲಿತಾಂಶ 1995ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಪರಿಚಯದ ಮುಖವೊಂದು ಮತ್ತೆ ಮತ್ತೆ ಬರುವುದರಿಂದ ಏನು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಆ ನಂಬಿಕೆಯ ತಳಹದಿಯ ಮೇಲೆ 1999ರಲ್ಲಿ ದೊಡ್ಡ ಪ್ರಯೋಗ ಶುರುವಾಯಿತು. ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳನ್ನು 52 ಗುಂಪುಗಳನ್ನಾಗಿ ಮಾಡಿ, 30ರಿಂದ 59 ವರ್ಷದ 1,31,746 ಹೆಂಗಸರನ್ನು ನಾಲ್ಕು ಪಾಲಾಗಿ ವಿಂಗಡಿಸಲಾಯಿತು. ಒಂದು ಪಾಲಿಗೆ ಎಚ್‌ಪಿವಿ ಪರೀಕ್ಷೆ, ಇನ್ನೊಂದಕ್ಕೆ ಗರ್ಭಕೊರಳಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ, ಮೂರನೆಯದಕ್ಕೆ ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿಂದ ನೋಡುವ ಪರೀಕ್ಷೆ. ನಾಲ್ಕನೆಯ ಪಾಲಿಗೆ ತಪಾಸಣೆಯಿಲ್ಲ, ಎಂದಿನ ವ್ಯವಸ್ಥೆ ಮಾತ್ರ. ಎಂಟು ವರ್ಷದ ನಂತರದ ಫಲಿತಾಂಶ 2009ರ ಏಪ್ರಿಲ್‌ನಲ್ಲಿ ಬಂತು. ತಪಾಸಣೆಯಿಲ್ಲದ ಪಾಲಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನಿಂದ 64 ಹೆಂಗಸರು ಸತ್ತಿದ್ದರು, ಎಚ್‌ಪಿವಿ ಪರೀಕ್ಷೆಯ ಪಾಲಿನಲ್ಲಿ 34. ಜೀವಮಾನದಲ್ಲಿ ಒಂದೇ ಒಂದು ಪರೀಕ್ಷೆ, ಸಾವು ಹೆಚ್ಚುಕಡಿಮೆ ಅರ್ಧ. ಉಳಿದ ಎರಡು ವಿಧಾನಗಳಲ್ಲಿ ಅಂಥ ಗಣನೀಯ ಇಳಿಕೆ ಅಲ್ಲಿ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈಗ ಜಗತ್ತಿಗೆಲ್ಲ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ಆಯ್ಕೆಯಾಗಿ ಹೇಳುತ್ತಿರುವುದರ ಹಿಂದೆ ಆ ಜಿಲ್ಲೆಯ ಹೊಲಗೆಲಸದ ಹೆಂಗಸರ ಪಾಲೂ ಇದೆ.

ಆ ನಾಲ್ಕನೆಯ ಪಾಲಿನ ಹೆಂಗಸರ ವಿಷಯದಲ್ಲಿ ವೈದ್ಯಕೀಯ ನೀತಿಯ ವಲಯದಲ್ಲಿ ದೊಡ್ಡ ಜಗಳವೇ ನಡೆಯಿತು. ತಪಾಸಣೆಯಿಂದ ಜೀವ ಉಳಿಯುತ್ತದೆಂದು ಮೊದಲೇ ಗೊತ್ತಿರುವಾಗ ಬಡ ಹೆಂಗಸರನ್ನು ಹಾಗೇ ಬಿಟ್ಟು ಸಾವು ಎಣಿಸುವುದು ಸರಿಯೇ ಎಂದು ಕೆಲವರು ಕೇಳಿದರು. ಆಗ ಆ ಹಳ್ಳಿಗಳಲ್ಲಿ ಇದ್ದ ವ್ಯವಸ್ಥೆಯೇ ತಪಾಸಣೆಯಿಲ್ಲದ್ದು, ಹೋಲಿಕೆಯಿಲ್ಲದೆ ಸರ್ಕಾರವನ್ನು ಒಪ್ಪಿಸುವುದು ಹೇಗೆ ಎಂದು ಸಂಶೋಧಕರು ಉತ್ತರಿಸಿದರು. ನನ್ನ ಮಟ್ಟಿಗೆ ಮೊದಲ ಪ್ರಶ್ನೆಗೆ ಹೆಚ್ಚು ತೂಕವಿದೆ. ಆದರೆ ಅದಕ್ಕಿಂತ ದೊಡ್ಡ ಅಪರಾಧ ಆಮೇಲೆ ನಡೆದದ್ದು. ಅಷ್ಟು ಜೀವದ ಬೆಲೆಗೆ ಸಿಕ್ಕ ಜ್ಞಾನ ಗಡಿಯ ಈಚೆಗೆ ಬರಲೇ ಇಲ್ಲ. ಉಸ್ಮಾನಾಬಾದಿನ ಫಲಿತಾಂಶ ಅಚ್ಚಾಗಿ ಆರು ವರ್ಷಕ್ಕೆ ಅದರ ನೆರೆಯ ಕಲಬುರಗಿ ಸುದ್ದಿಯಾದದ್ದು ಗರ್ಭಕೋಶ ಹಗರಣಕ್ಕೆ.

2016ರಲ್ಲಿ ಕೇಂದ್ರ ಸರ್ಕಾರ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ 30ರಿಂದ 65 ವಯಸ್ಸಿನವರ ಸಾಮೂಹಿಕ ತಪಾಸಣೆಯ ಚೌಕಟ್ಟು ಪ್ರಕಟಿಸಿದಾಗ ಗರ್ಭಕೊರಳಿಗೆ ಆರಿಸಿಕೊಂಡದ್ದು ಅಗ್ಗದ ಅಸಿಟಿಕ್ ಆಮ್ಲದ ಪರೀಕ್ಷೆಯನ್ನು. ಅದನ್ನು ತೀರ ಹಳಿಯಬೇಕಿಲ್ಲ. ತಮಿಳುನಾಡಿನ ದಿಂಡಿಗಲ್ ಮತ್ತು ಮುಂಬೈಯ ಕೊಳೆಗೇರಿಗಳಲ್ಲಿ ಅದರಿಂದಲೂ ಸಾವು ಮೂರನೇ ಒಂದರಷ್ಟು ಇಳಿದದ್ದಿದೆ. ಮುಂಬೈಯಲ್ಲಿ ಪರೀಕ್ಷೆ ಮಾಡಿದವರು ಹತ್ತನೇ ತರಗತಿ ಓದಿ ತರಬೇತಿ ಪಡೆದ ಹೆಂಗಸರೇ. ಆದರೆ ಕಾಗದದ ಮೇಲಿನ ಚೌಕಟ್ಟು ಹಳ್ಳಿಗೆ ಇಳಿದಿದೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 1.9. ಇಡೀ ದೇಶದಲ್ಲಿ 2022ರ ಒಂದೇ ವರ್ಷ ಈ ಕ್ಯಾನ್ಸರಿಗೆ ಸತ್ತವರ ಅಂದಾಜು ಸುಮಾರು 80,000.

ಸಹಿ ಯಾರದು?

ಆದಿವಾಸಿಗಳನ್ನು ಕೇಳದೆ ಅವರ ಒಳಿತು ಮಾಡಹೊರಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪೂರ್ವದಿಕ್ಕಿನಲ್ಲೂ ಒಂದು ಉದಾಹರಣೆಯಿದೆ. 2009ರಲ್ಲಿ, ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಹದಿನಾಲ್ಕು ಸಾವಿರದಷ್ಟು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಲಾಯಿತು. ಅವರಲ್ಲಿ ಬಹಳಷ್ಟು ಮಂದಿ ಹಾಸ್ಟೆಲ್ಲುಗಳಲ್ಲಿದ್ದ ಆದಿವಾಸಿ ಮಕ್ಕಳು. ತಂದೆತಾಯಿಯ ಒಪ್ಪಿಗೆಯ ಜಾಗದಲ್ಲಿ ವಾರ್ಡನ್ನರ ಸಹಿ ಇತ್ತು. ಇದೇ ಯೋಜನೆಯಲ್ಲಿದ್ದ ಗುಜರಾತಿನ ಹುಡುಗಿಯರೂ ಸೇರಿ ಏಳು ಸಾವು ವರದಿಯಾದಾಗ 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವುಗಳಿಗೂ ಲಸಿಕೆಗೂ ಸಂಬಂಧವಿಲ್ಲವೆಂದು ವಿಚಾರಣೆ ಹೇಳಿತು. ಒಪ್ಪಿಗೆ ಪಡೆದ ರೀತಿಯನ್ನು ಮಾತ್ರ 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಖಂಡಿಸಿತು. ಒಳ್ಳೆಯ ಲಸಿಕೆಯೊಂದು ಭಾರತದ ಬಡಹುಡುಗಿಯರಿಗೆ ತಲುಪುವುದು ಆ ಸಹಿಗಳಿಂದಾಗಿ ವರ್ಷಗಟ್ಟಲೆ ತಡವಾಯಿತು ಎಂದೇ ನಾನು ಹೇಳುತ್ತೇನೆ. ಪುಣೆಯ ಸೀರಂ ಸಂಸ್ಥೆಯ ಸ್ವದೇಶಿ ಲಸಿಕೆ ಈಗ ಬಂದಿದೆ. ಒಂದೇ ಡೋಸ್ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿದೆ. ತಾಂಡಾದ ಹುಡುಗಿಯರಿಗೆ ಇದು ತಲುಪುವಾಗ ಆಶ್ರಮಶಾಲೆಯ ಮೇಲ್ವಿಚಾರಕರ ಸಹಿಗೆ ಬದಲು ಅವ್ವ-ಅಪ್ಪನ ಮುಂದೆ ಕೂತು, ಅವರ ಭಾಷೆಯಲ್ಲಿ, ಅರ್ಧ ಗಂಟೆಯಾದರೂ ಮಾತಾಡಬೇಕು.

ಮಾತಾಡಲು ಅವರು ಊರಲ್ಲಿರಬೇಕಷ್ಟೆ. ದಸರಾ, ದೀಪಾವಳಿ ಮುಗಿಯುತ್ತಿದ್ದಂತೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳ ತಾಂಡಾಗಳು ಖಾಲಿಯಾಗತೊಡಗುತ್ತವೆ. ಕಬ್ಬಿಗೆ ಮಹಾರಾಷ್ಟ್ರ, ಕಟ್ಟಡ ಕೆಲಸಕ್ಕೆ ಪುಣೆ, ಮುಂಬೈ, ಬೆಂಗಳೂರು. ಮನೆಯಲ್ಲಿ ಉಳಿಯುವುದು ಮುದುಕರು ಮತ್ತು ಚಿಕ್ಕ ಮಕ್ಕಳು. ಇಲಾಖೆಯ ಶಿಬಿರಗಳಾದರೋ ಆರ್ಥಿಕ ವರ್ಷ ಮುಗಿಯುವ ಮುಂಚಿನ ಚಳಿಗಾಲದಲ್ಲೇ ಭರ್ತಿ. ವಿಶ್ವ ಕ್ಯಾನ್ಸರ್ ದಿನವೂ ಫೆಬ್ರುವರಿ 4ಕ್ಕೇ ಬರುತ್ತದೆ. ಬ್ಯಾನರ್ ಕಟ್ಟಿ, ಭಾಷಣ ಮಾಡಿ, ಯಾವ ವಯಸ್ಸಿನ ಹೆಂಗಸರಿಗೆ ಪರೀಕ್ಷೆ ಆಗಬೇಕೋ ಆ ವಯಸ್ಸಿನವರೇ ಇಲ್ಲದ ತಾಂಡಾದಲ್ಲಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಹೋಳಿ ಲಂಬಾಣಿಗರ ದೊಡ್ಡ ಹಬ್ಬ. ದೂರದ ಊರಿನಿಂದಲೂ ಆಗ ಬರುತ್ತಾರೆ. ಯುಗಾದಿಯಿಂದ ಮುಂಗಾರಿನ ಬಿತ್ತನೆಯವರೆಗೆ ಜನ ಸಿಗುತ್ತಾರೆ. ತಾಂಡಾದ ನಾಯಕ, ಕಾರಭಾರಿಯನ್ನು ಒಮ್ಮೆ ಕೇಳಿದ್ದರೆ ಈ ಮಾತು ಯಾವ ಅಧಿಕಾರಿಗಾದರೂ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಸಹಭಾಗಿತ್ವ ಎಂಬ ಭಾರವಾದ ಶಬ್ದ ಬಳಸುವವರು ಮೊದಲು ದಿನಾಂಕ ನಿಗದಿ ಮಾಡುವ ಅಧಿಕಾರವನ್ನಾದರೂ ಬಿಟ್ಟುಕೊಡಲಿ.

ನಾಯಕ, ಕಾರಭಾರಿ ಇಬ್ಬರೂ ಗಂಡಸರು ಎಂಬುದನ್ನೂ ಮರೆಯಬಾರದು. ತಾಂಡಾದ ಪಂಚಾಯಿತಿ ಒಪ್ಪಿದರೆ ಹೆಂಗಸು ಒಪ್ಪಿದಂತೆ ಆಗುವುದಿಲ್ಲ. ಪರೀಕ್ಷೆಯ ವಿಚಾರದಲ್ಲಂತೂ ಮಾತು ಹೆಂಗಸರ ನಡುವೆಯೇ ಆಗಬೇಕು.

ಅಸಿಟಿಕ್ ಆಮ್ಲದ ಪರೀಕ್ಷೆ ಹೇಗಿರುತ್ತದೆ ನೋಡಿ. ಉಪಕೇಂದ್ರದ ಒಳಕೋಣೆ, ಅರ್ಧ ಪರದೆ, ರೆಕ್ಸಿನ್ ಹೊದಿಸಿದ ಮೇಜು. ಕಾಲು ಮಡಿಸಿ ಮಲಗಿದವಳ ಒಳಗೆ ಸ್ಪೆಕ್ಯುಲಂ ಎಂಬ ತಣ್ಣನೆಯ ಕೊಕ್ಕಿನಂಥ ಸಾಧನ ಇಡುತ್ತಾರೆ. ಹತ್ತಿಯಿಂದ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬೆಳಕು ಬಿಟ್ಟು ನೋಡುತ್ತಾರೆ. ಬಿಳಿ ಕಲೆ ಎದ್ದರೆ ಸಂಶಯ. ಕೋಣೆಯಲ್ಲೆಲ್ಲ ವಿನೆಗರ್ ವಾಸನೆ. ನೋವು ಹೆಚ್ಚಿಲ್ಲ, ನಾಚಿಕೆ ಬಹಳ. ಹಿಂದೆ ಒಮ್ಮೆ ಹೀಗೇ ಮಲಗಿ ಎದ್ದಾಗ ಚೀಲ ಕಳೆದುಕೊಂಡವಳ ತಂಗಿ, ಮಗಳು, ಸೊಸೆ ಈ ಮೇಜು ಹತ್ತಬೇಕೆಂದರೆ ಕಾರ್ಯಕರ್ತೆಯ ‘ಏನೂ ಆಗಲ್ಲವ್ವಾ’ ಎಂಬ ಮಾತು ಸಾಲದು.

ಇಲ್ಲಿ ಉಸ್ಮಾನಾಬಾದಿನ ಎಚ್‌ಪಿವಿ ಪರೀಕ್ಷೆಗೆ ಇನ್ನೊಂದು ಲಾಭವಿದೆ. ಅದಕ್ಕೆ ಮಾದರಿಯನ್ನು ಹೆಂಗಸು ತಾನೇ, ತನ್ನ ಮನೆಯ ಬಚ್ಚಲಲ್ಲಿ, ಸಣ್ಣ ಕಡ್ಡಿಯೊಂದರಿಂದ ತೆಗೆದುಕೊಡಬಹುದು. ಯಾರ ಮುಂದೂ ಮಲಗಬೇಕಿಲ್ಲ. ಆಸ್ಟ್ರೇಲಿಯಾ 2022ರ ಜುಲೈನಿಂದ ತಪಾಸಣೆಗೆ ಅರ್ಹರಾದ ಎಲ್ಲರಿಗೂ ಈ ಆಯ್ಕೆ ಕೊಟ್ಟಿತು, ನ್ಯೂಜಿಲೆಂಡ್ 2023ರ ಸೆಪ್ಟೆಂಬರಿನಿಂದ. ನ್ಯೂಜಿಲೆಂಡಿನಲ್ಲಿ ಇದಕ್ಕೆ ಒತ್ತಾಯಿಸಿ ಸಂಶೋಧನೆ ಮಾಡಿದವರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ವೈದ್ಯೆಯರು ಮುಂದಿದ್ದರು. ಹಳೆಯ ರೀತಿಯ ತಪಾಸಣೆಗೆ ತಮ್ಮ ಹೆಂಗಸರು ಏಕೆ ಬರುತ್ತಿಲ್ಲ ಎಂದು ಅವರನ್ನೇ ಕೇಳಿ, ಅವರು ಹೇಳಿದ ಕಾರಣಕ್ಕೆ ತಕ್ಕಂತೆ ಪರೀಕ್ಷೆಯನ್ನೇ ಬದಲಿಸಿದರು. ನಮ್ಮಲ್ಲಿ ಉಲ್ಟಾ. ಜನ ಬರದಿದ್ದರೆ ಜನರಿಗೆ ತಿಳಿವಳಿಕೆ ಸಾಲದು ಎಂದು ವರದಿ ಬರೆಯುತ್ತೇವೆ.

ಅಷ್ಟು ದೂರವೂ ಹೋಗಬೇಕಿಲ್ಲ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿನ ಆದಿವಾಸಿ ಸೋಲಿಗ ಹುಡುಗಿಯರಿಗೇ ಶುಶ್ರೂಷೆಯ ತರಬೇತಿ ಕೊಟ್ಟು ಅವರ ಹಾಡಿಗಳಾದ ಪೋಡುಗಳ ಉಪಕೇಂದ್ರಗಳಲ್ಲಿ ನಿಲ್ಲಿಸಿತು. ಕಾಡಿನ ನಡುವೆ ಹೊರಗಿನ ನರ್ಸಮ್ಮ ನಿಲ್ಲುತ್ತಿರಲಿಲ್ಲ, ಅದೇ ಪೋಡಿನ ಮಗಳು ನಿಂತಳು. ಲಂಬಾಣಿಗರ ಗೋರ್‌ಬೋಲಿ ಮಾತಾಡುವ, ತಾಂಡಾದಲ್ಲೇ ಬೆಳೆದು ನರ್ಸಿಂಗ್ ಓದಿದ ಹುಡುಗಿಯರು ಈಗ ಕಲಬುರಗಿ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಅವರನ್ನು ಗುತ್ತಿಗೆಯ ಮೇಲೆ ದುಡಿಸುವ ಬದಲು ಕೆಲಸ ಕಾಯಂ ಮಾಡಿ ತಮ್ಮದೇ ತಾಂಡಾಗಳ ಜವಾಬ್ದಾರಿ ಕೊಟ್ಟರೆ ಬಾರ್ಶಿಯ ಕೆಲಸ ಇಲ್ಲೂ ಆದೀತು.

ಐದು ವಾರದ ಪ್ರಶ್ನೆ

ತಪಾಸಣೆ ಸುಲಭ, ಚಿಕಿತ್ಸೆಯೇ ಬೆಟ್ಟ. ಹಂತ ಮೀರಿದ ಗರ್ಭಕೊರಳಿನ ಕ್ಯಾನ್ಸರಿಗೆ ವಾರಕ್ಕೆ ಐದು ದಿನದಂತೆ ಐದು ವಾರ ವಿಕಿರಣ, ವಾರಕ್ಕೊಮ್ಮೆ ಕೀಮೊ, ಆಮೇಲೆ ಒಳಗಿನಿಂದ ಕೊಡುವ ವಿಕಿರಣ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ರಾಜ್ಯದ ಬಡವರ ಆಸರೆ. ಕಲಬುರಗಿಯಿಂದ ಅದು ಆರುನೂರು ಕಿಲೋಮೀಟರಿನಷ್ಟು ದೂರ. ಕಿದ್ವಾಯಿಯ ಒಂದು ಕೇಂದ್ರ ಕಲಬುರಗಿಯಲ್ಲೂ ಇರುವುದು ಈ ಭಾಗದ ಪುಣ್ಯ. ಆಳಂದ, ಜೇವರ್ಗಿಯಿಂದ ಕಲಬುರಗಿಗೆ ನಲವತ್ತು ಕಿಲೋಮೀಟರಿನ ಆಸುಪಾಸು, ಅಫಜಲಪುರದಿಂದ ಅರವತ್ತರಷ್ಟು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸಿಗೆ ಬಸ್ಸು ಉಚಿತ. ಆದರೆ ತಾಂಡಾದಿಂದ ಬಸ್ಸು ನಿಲ್ಲುವ ಊರಿಗೆ ಬರಬೇಕು, ಜೊತೆಗೆ ಬರುವ ಗಂಡನ ಟಿಕೆಟ್ ತೆರಬೇಕು, ಐದು ವಾರ ಇಬ್ಬರ ಕೂಲಿಯೂ ಹೋಗುತ್ತದೆ, ಮುಕಾದಮನ ಮುಂಗಡ ಹಾಗೇ ನಿಂತಿರುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋದಳು ಎಂದು ಕಡತದಲ್ಲಿ ಬರೆಯುವವರಿಗೆ ಈ ಲೆಕ್ಕ ಕಾಣುವುದಿಲ್ಲ.

ಹಣ ಮತ್ತು ಸಾರಿಗೆಯ ವ್ಯವಸ್ಥೆಯಾದರೆ ಜನ ಬರುತ್ತಾರೆ ಎಂಬುದಕ್ಕೆ ಕಲಬುರಗಿಯೇ ಸಾಕ್ಷಿ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊದಲು ಶುರುವಾದದ್ದು ಕಲಬುರಗಿ ವಿಭಾಗದಲ್ಲಿ. ಹೃದ್ರೋಗ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗಳಿಗೆ ಮಾತ್ರ ಅದು. ಆಸ್ಪತ್ರೆಗಳೇ ಹಳ್ಳಿಗೆ ಬಂದು ಶಿಬಿರ ಮಾಡಿ ರೋಗಿಗಳನ್ನು ಕರೆದೊಯ್ಯಬೇಕಿತ್ತು. ಯೋಜನೆ ಇದ್ದ ಮತ್ತು ಇಲ್ಲದ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡವರ ಸಾವಿನ ಪ್ರಮಾಣ ಶೇ 64ರಷ್ಟು ಕಡಿಮೆಯಿತ್ತು. ಆ ಯೋಜನೆ ಮುಂದೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕರಗಿತು. ಕಾರ್ಡು ಉಳಿಯಿತು, ಹಳ್ಳಿಗೆ ಬಂದು ಕರೆದೊಯ್ಯುವ ಪರಿಪಾಠ ಸೊರಗಿತು. ಸಂವಿಧಾನದ 371(ಜೆ) ಕಲಮಿನಡಿ ಈ ಭಾಗಕ್ಕೆಂದು ಬರುವ ಕಲ್ಯಾಣ ಕರ್ನಾಟಕ ಮಂಡಳಿಯ ಹಣದಲ್ಲಿ ಕಟ್ಟಡಗಳು ಏಳುತ್ತವೆ, ಗುದ್ದಲಿ ಪೂಜೆಯ ಜಾಹೀರಾತು ಬರುತ್ತದೆ. ಆದರೆ ಬೇಕಿರುವುದು ಐದು ವಾರ ಚಿಕಿತ್ಸೆಗೆ ನಿಂತವಳಿಗೆ ದಿನಗೂಲಿಯಷ್ಟು ಭತ್ಯೆ, ಆಸ್ಪತ್ರೆಯ ಬಳಿ ಒಂದು ಕೋಣೆ, ಜೊತೆಗಿರಲು ಗೋರ್‌ಬೋಲಿ ಬಲ್ಲ ಒಬ್ಬ ಸಹಾಯಕಿ. ಒಂದು ಕಟ್ಟಡದ ಖರ್ಚಿನಲ್ಲಿ ಮೂರು ತಾಲ್ಲೂಕುಗಳಿಗೆ ಇವನ್ನೆಲ್ಲ ವರ್ಷಗಟ್ಟಲೆ ನಡೆಸಬಹುದು.

ಅದಕ್ಕೂ ಮೊದಲು ತೀರಿಸಬೇಕಾದ ಬಾಕಿಯೊಂದಿದೆ. 2,200ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಆಗಲೇ ಸಿಕ್ಕಿದೆ. ಅವರನ್ನು ಹುಡುಕಿ, ಯಾರಿಗೆ ಏನನ್ನು ತೆಗೆದಿದ್ದಾರೆ ಎಂದು ಪರೀಕ್ಷಿಸಿ, ಮೂಳೆ, ಹೃದಯದ ತಪಾಸಣೆ ಮಾಡಿ, ಗರ್ಭಕೊರಳು ಉಳಿದವರಿಗೆ ಎಚ್‌ಪಿವಿ ಪರೀಕ್ಷೆ ಮಾಡಿ, ಪರಿಹಾರ ಕೊಟ್ಟು ಆಮೇಲೆ ತಾಂಡಾಕ್ಕೆ ಹೊಸ ಯೋಜನೆ ತೆಗೆದುಕೊಂಡು ಹೋಗಲಿ. ಆ ಹೆಂಗಸರಲ್ಲೇ ಕೆಲವರು ತಪಾಸಣೆಯ ಮುಂದಾಳುಗಳಾಗಬಲ್ಲರು. ಬೀದಿಗಿಳಿದು ಜಿಲ್ಲಾಡಳಿತವನ್ನು ಪ್ರಶ್ನಿಸಿದವರಿಗಿಂತ ಹೆಚ್ಚು ನಂಬಿಕೆ ತಾಂಡಾಕ್ಕೆ ಇನ್ಯಾರ ಮೇಲಿದ್ದೀತು?

ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಬಹುದು. ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಕಟ್ಟಡದಲ್ಲಿ ಕೆಲಸಕ್ಕೆ ಬರುವ ಹೆಂಗಸು ‘ಚೀಲ ತಗಸಬೇಕಂತ್ರಿ, ಕ್ಯಾನ್ಸರ್ ಆಗ್ತದಂತ’ ಎಂದು ಮುಂಗಡ ಕೇಳಿದರೆ ಹಣ ಕೊಡುವ ಮೊದಲು ಬಯಾಪ್ಸಿ ವರದಿ ಎಲ್ಲಿ ಎಂದು ಕೇಳಿ. ವರದಿ ಇಲ್ಲದಿದ್ದರೆ ಕಲಬುರಗಿಯ ಸರ್ಕಾರಿ ಆಸ್ಪತ್ರೆಯಲ್ಲೋ ಕಿದ್ವಾಯಿ ಕೇಂದ್ರದಲ್ಲೋ ಎರಡನೇ ಅಭಿಪ್ರಾಯ ಪಡೆಯುವಂತೆ ಹೇಳಿ. ಸಾಧ್ಯವಾದರೆ ಜೊತೆಗೆ ಹೋಗಿ. ದಾರಿ ತಿಳಿಯದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಬಂದರೆ, ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ಮಾತ್ರ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಕಳಿಸಿ.